ಮಿನಾಝುಕಿ: ಮೂರು ಸಲ ಕೆಡಿಸಿ ನಾಲ್ಕನೇ ಸಲ ಕತ್ತರಿಸಿದ್ದು

ಜಪಾನಿನ ಕ್ಯೋಟೊದಲ್ಲಿ ಜೂನ್ ಬಂತು ಅಂದರೆ ಸಿಹಿ ಅಂಗಡಿಗಳ ಮುಂದೆಲ್ಲ ಒಂದೇ ಹೆಸರು: ಮಿನಾಝುಕಿ. ಕೆಳಗೆ ಬಿಳಿ ಹಿಟ್ಟಿನ ಮೆತ್ತಗಿನ ಪದರ, ಮೇಲೆ ಸಕ್ಕರೆಯಲ್ಲಿ ನೆನೆದ ಕೆಂಪು ಅಝುಕಿ ಕಾಳು, ಆಕಾರ ತ್ರಿಕೋನ. ತಿನ್ನೋ ದಿನ ಜೂನ್ 30. ವರ್ಷದ ಅರ್ಧ ಮುಗಿಯೋ ದಿನ ಅದು. ಆರು ತಿಂಗಳ ಕೊಳೆ ಕಳೆಯಲಿ ಅಂತ ಶಿಂತೋ ಅನ್ನೋ ಇಲ್ಲಿನ ಧರ್ಮದ ಗುಡಿಗೆ ಹೋಗಿ, ಮನೆಗೆ ಬಂದು ಇದನ್ನು ತಿನ್ನುತ್ತಾರೆ.

ಕಳೆದ ವರ್ಷ ನಾನು ಕೆಲಸ ಮುಗಿಸಿ ಸಂಜೆ ಏಳಕ್ಕೆ ಅಂಗಡಿಗೆ ಹೋದೆ. ಖಾಲಿ. ಬರಿಗೈಯಲ್ಲಿ ಮೆಟ್ಟಿಲು ಹತ್ತುವಾಗ ಪಕ್ಕದ ಮನೆ ಅಜ್ಜಿ ಸಿಕ್ಕರು, ಸುಮ್ನೆ ಹೇಳಿದೆ. ಹತ್ತು ನಿಮಿಷ ಬಿಟ್ಟು ಬಾಗಿಲು ತಟ್ಟಿದರು. ತಮ್ಮ ಪಾಲಿನದನ್ನೇ ಅರ್ಧ ಕತ್ತರಿಸಿ ಚಿಕ್ಕ ತಟ್ಟೆಯಲ್ಲಿ ತಂದಿದ್ದರು. ಅರ್ಧ ಆದಮೇಲೂ ಅದು ತ್ರಿಕೋನವೇ ಆಗಿತ್ತು.

ಈ ಸಲ ನಾನೇ ಮಾಡಿ ಅವರಿಗೆ ಇಡೀ ಒಂದು ಕೊಡಬೇಕು ಅಂತ ತಿಂಗಳ ಮೊದಲೇ ಶುರು ಮಾಡಿದೆ. ಹಿಟ್ಟು, ಕಾಳು, ಹಬೆ. ಕಡುಬು ತಿಂದು ಬೆಳೆದವನಿಗೆ ಇದೇನು ಮಹಾ ಅಂದುಕೊಂಡಿದ್ದೆ. ಆಗಾಗ ಬರೆದಿಟ್ಟುಕೊಂಡದ್ದು ಇದು.

ಜೂನ್ 1, ಶನಿವಾರ: ಸಾಮಾನು

ಮೊದಲು ಅಚ್ಚು. ನಗಾಶಿಕಾನ್ ಅಂತಾರೆ. ಸ್ಟೀಲಿನ ಚೌಕ ಡಬ್ಬಿ, ಒಳಗೆ ಎತ್ತಿ ತೆಗೆಯೋಕೆ ಇನ್ನೊಂದು ತಟ್ಟೆ. 1,870 ಯೆನ್. ಹೊರಗೆ 15 ಸೆಂ.ಮೀ. ಅಂತ ಬರೆದಿದೆ, ಒಳಗೆ ಅಳೆದರೆ 14. ಅದನ್ನು ನಾಲ್ಕು ಚೌಕ ಮಾಡಿ, ಒಂದೊಂದನ್ನೂ ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎಂಟು ತುಂಡು. ಎರಡು ಬದಿ 7 ಸೆಂ.ಮೀ., ಉದ್ದದ ಬದಿ ಹತ್ತಿರ ಹತ್ತಿರ 10.

ಹಬೆಗೆ ಊರಿಂದ ತಂದ ಇಡ್ಲಿ ಪಾತ್ರೆ. ಅಚ್ಚು ಅದರೊಳಗೆ ಇಳಿಯಿತು, ಆದರೆ ನಾಲ್ಕು ಮೂಲೆಗಳೂ ಪಾತ್ರೆಗೆ ತಾಗುವಷ್ಟು ಬಿಗಿ. ತಕ್ಕಡಿ ಹಳೇದು, ನಂಬಿಕೆ ಸಾಲದೆ ಒಂದು ಯೆನ್ನಿನ ಹತ್ತು ನಾಣ್ಯ ಇಟ್ಟು ನೋಡಿದೆ. ಒಂದು ನಾಣ್ಯ ಸರಿಯಾಗಿ 1 ಗ್ರಾಂ ಇರುತ್ತೆ. 10 ಅಂತ ತೋರಿಸಿತು, ಸದ್ಯ.

ದಿನಸಿ: ಮಾಮೂಲಿ ಅಝುಕಿ 250 ಗ್ರಾಂ 430 ಯೆನ್, ಜೋಶಿಂಕೊ ಅನ್ನೋ ಅಕ್ಕಿ ಹಿಟ್ಟು 180, ಸಕ್ಕರೆ ಒಂದು ಕಿಲೋ 240.

ತ್ರಿಕೋನ ಯಾಕೆ ಅನ್ನೋದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದಿನ ತಲೆನೋವೆಲ್ಲ ಅದರಿಂದಲೇ. ಅದು ಮಂಜುಗಡ್ಡೆಯ ಚೂರು. ಹಿಂದೆ ಚಳಿಗಾಲದಲ್ಲಿ ಕಟ್ಟಿದ ಮಂಜುಗಡ್ಡೆಯನ್ನು ಬೆಟ್ಟದಲ್ಲಿ ಗುಂಡಿ ತೋಡಿ, ಹುಲ್ಲು ಮುಚ್ಚಿ ಬೇಸಿಗೆವರೆಗೆ ಕಾಪಾಡುತ್ತಿದ್ದರು. ಆ ಜಾಗಕ್ಕೆ ಹಿಮುರೊ ಅಂತ ಹೆಸರು. ಕ್ಯೋಟೊದ ಉತ್ತರಕ್ಕೆ ನಿಶಿಗಾಮೊ ಬೆಟ್ಟದ ಕಡೆ ಈಗಲೂ ಆ ಹೆಸರಿನ ಜಾಗ ಇದೆ. ಹಳೇ ಪಂಚಾಂಗದ ಆರನೇ ತಿಂಗಳ ಮೊದಲ ದಿನ ಅಲ್ಲಿಂದ ಅರಮನೆಗೆ ಮಂಜುಗಡ್ಡೆ ಹೋಗುತ್ತಿತ್ತು. ಅದನ್ನು ತಿಂದರೆ ಬೇಸಿಗೆಯಲ್ಲಿ ಆರೋಗ್ಯ ಕೆಡಲ್ಲ ಅನ್ನೋ ನಂಬಿಕೆ. ಊರ ಜನಕ್ಕೆ ಅದೆಲ್ಲಿ ಸಿಗಬೇಕು? ಅವರು ಹಿಟ್ಟಿನಲ್ಲಿ ಮಂಜುಗಡ್ಡೆ ಮಾಡಿಕೊಂಡರು. ಮೇಲಿನ ಕೆಂಪು ಕಾಳು ಕೆಟ್ಟದ್ದನ್ನು ಓಡಿಸೋಕೆ. ಅಂದರೆ ನನ್ನ ತುಂಡು ಬಿಳಿ ಇರಬೇಕು, ತಂಪಾಗಿ ಕಾಣಬೇಕು, ಮೂಲೆ ಚೂಪಾಗಿರಬೇಕು. ಕಾಳು ಇಡಿಯಾಗಿರಬೇಕು. ಕೊನೇದು ಅವತ್ತು ನನಗೆ ಗೊತ್ತಿರಲಿಲ್ಲ.

ಜೂನ್ 2: ಒಂದನೇ ಸಲ

ಕಾಳಿಗೆ ಕುಕ್ಕರ್ ಇಟ್ಟೆ. 150 ಗ್ರಾಂ ಅಝುಕಿ, ಎರಡು ವಿಷಲ್. ಮುಚ್ಚಳ ತೆಗೆದರೆ ಕಾಳೇ ಇಲ್ಲ. ಸಿಪ್ಪೆ ಒಂದು ಕಡೆ, ಹಿಟ್ಟು ಒಂದು ಕಡೆ. ಬೇಳೆ ಬೇಯಿಸೋ ಅಭ್ಯಾಸ ಕೈಯಲ್ಲಿ ಕೂತಿದೆ, ಅಲ್ವಾ.

ಆದರೂ ಮುಂದುವರಿದೆ. ಅಕ್ಕಿ ಹಿಟ್ಟು 150 ಗ್ರಾಂ, ಸಕ್ಕರೆ 100, ನೀರು 300 ಮಿ.ಲೀ. ಕಲಸಿ, 100 ಮಿ.ಲೀ. ಪಕ್ಕಕ್ಕೆ ಎತ್ತಿಟ್ಟು, ಉಳಿದದ್ದನ್ನು ಅಚ್ಚಿಗೆ ಸುರಿದೆ. 20 ನಿಮಿಷ ಹಬೆ. ಮುಚ್ಚಳ ತೆಗೆದಾಗ ಮೇಲೆ ಚಿಕ್ಕ ಚಿಕ್ಕ ಕೆರೆಗಳು. ಅವುಗಳ ಮೇಲೇ ಕಾಳಿನ ಮುದ್ದೆ ಹರಡಿ, ಎತ್ತಿಟ್ಟ ಹಿಟ್ಟು ಸುರಿದು ಇನ್ನೂ 10 ನಿಮಿಷ ಇಟ್ಟೆ.

ಆರಿದ ಮೇಲೆ ಕತ್ತರಿಸಿದರೆ ಮೇಲಿನ ಪದರ ಟೋಪಿ ಥರ ಕಳಚಿ ಬಂತು. ಕೆಳಗಿನದು ಗಟ್ಟಿ, ಬಿರುಕು. ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ.

"ಮುಚ್ಚಳಕ್ಕೆ ಬಟ್ಟೆ ಕಟ್ಟಿದ್ಯೇನೋ?"

"ಇಲ್ಲಮ್ಮ."

"ಮತ್ತೆ ನೀರು ಬೀಳದೆ ಏನಾಗುತ್ತೆ? ಕಡುಬಿಗೆ ಕಟ್ಟಲ್ವಾ ನಾನು? ಅದಿರಲಿ, ಆ ಕೆಂಪು ಕಾಳು ಅಲಸಂದೆನಾ?"

ಅಲಸಂದೆ ಅಲ್ಲ ಅಂದೆ. ಆ ಮಾತು ಮತ್ತೆ ಬರುತ್ತೆ.

ಒಡೆದ ಕಾಳನ್ನು ಬಿಸಾಡೋಕೆ ಮನಸ್ಸಾಗಲಿಲ್ಲ. ಉಳಿದಿದ್ದಕ್ಕೆ ಸಕ್ಕರೆ ಹಾಕಿ ಮಗುಚಿದರೆ ಅಪ್ಪಟ ಹೂರಣ. ಕಣಕ ಮಾಡಿ ಆರು ಹೋಳಿಗೆ ತಟ್ಟಿದೆ. ಎರಡನ್ನು ಪಕ್ಕದ ಮನೆಗೆ ಕೊಟ್ಟು, ಮಿನಾಝುಕಿ ಮಾಡೋಕೆ ಹೋಗಿ ಕಾಳು ಒಡೆದುಹೋದ ಕತೆ ಹೇಳಿದೆ. ಅಜ್ಜಿ ನಗುತ್ತಾ ಹೊಟ್ಟೆಯ ಮೇಲೆ ಬೆರಳಿನಿಂದ ಅಡ್ಡ ಗೆರೆ ಎಳೆದು ತೋರಿಸಿದರು. "ಹರಾಗಿರೆ" ಅಂದರು. ಹೊಟ್ಟೆ ಸೀಳಿದ ಕಾಳು.

ಜಪಾನಿನಲ್ಲಿ ಶುಭದ ದಿನ ಅಝುಕಿ ಹಾಕಿ ಸೆಕಿಹಾನ್ ಅಂತ ಕೆಂಪನ್ನ ಮಾಡುತ್ತಾರೆ. ತೋಕ್ಯೋಗೆ ಎದೋ ಅಂತ ಹೆಸರಿದ್ದ ಕಾಲದಲ್ಲಿ ಅಲ್ಲಿನ ಸಮುರಾಯಿ ಯೋಧರಿಗೆ ಸಿಪ್ಪೆ ಸೀಳಿದ ಅಝುಕಿ ಕಂಡರೆ ಸೆಪ್ಪುಕು, ಅಂದರೆ ಹೊಟ್ಟೆ ಸೀಳಿಕೊಂಡು ಸಾಯೋದು, ನೆನಪಾಗುತ್ತಿತ್ತಂತೆ. ಅಪಶಕುನ. ಅದಕ್ಕೇ ಅಲ್ಲಿ ಅಝುಕಿ ಬದಲು ಅಷ್ಟು ಸುಲಭಕ್ಕೆ ಒಡೆಯದ ಸಸಾಗೆ ಹಾಕೋ ಪದ್ಧತಿ ಬಂತು. ತೋಕ್ಯೋ ಕಡೆ ಈಗಲೂ ಹಾಕುತ್ತಾರೆ. ಸಸಾಗೆ ಅಂದರೆ ಏನು ಅಂತ ಹುಡುಕಿ ನೋಡಿದೆ. ನಮ್ಮ ಅಲಸಂದೆ! ಅಮ್ಮನಿಗೆ ಕೂಡಲೇ ಮೆಸೇಜ್ ಮಾಡಿದೆ.

ಜೂನ್ 9: ಎರಡನೇ ಸಲ

ಮಂಜುಗಡ್ಡೆ ಅಂದಮೇಲೆ ಗಾಜಿನ ಥರ ಇರಬೇಕಲ್ವಾ ಅಂತ ಕುಝು ತಂದೆ. ಒಂದು ಬಳ್ಳಿಯ ಬೇರಿನಿಂದ ತೆಗೆಯೋ ಪುಡಿ, ನಮ್ಮ ಕೂವೆ ಹಿಟ್ಟಿನ ಗುಣ. 100 ಗ್ರಾಂಗೆ 640 ಯೆನ್, ಕೈ ಸ್ವಲ್ಪ ನಡುಗಿತು. ಕುಝು 60 ಗ್ರಾಂ, ಅಕ್ಕಿ ಹಿಟ್ಟು 50, ಸಕ್ಕರೆ 90, ನೀರು 330. ಮುಚ್ಚಳಕ್ಕೆ ಹತ್ತಿ ಬಟ್ಟೆ ಕಟ್ಟಿದೆ, 110 ಯೆನ್. ಕೆರೆಗಳು ಮಾಯ.

ಕಾಳು ಈ ಸಲ ಪಾತ್ರೆಯಲ್ಲಿ. ಉಳಿದಿದ್ದ 100 ಗ್ರಾಂ. ಒಂದು ಕುದಿ ಬಂದ ಮೇಲೆ ಕೆಂಪಾದ ನೀರು ಚೆಲ್ಲಿ, ಹೊಸ ನೀರು ಹಾಕಿ, ಸಣ್ಣ ಉರಿಯಲ್ಲಿ 50 ನಿಮಿಷ. ಚೆನ್ನಾಗೇ ಇದ್ದವು. ಆಮೇಲೆ ಬಿಸಿ ಬಿಸಿ ಇರುವಾಗಲೇ ಜರಡಿಗೆ ಬಸಿದೆ. ಕಣ್ಣೆದುರೇ ಸಿಪ್ಪೆಗಳು ಸುಕ್ಕಾಗಿ ಪಟಪಟ ಬಿಟ್ಟುಕೊಂಡವು. 50 ಕಾಳು ಎಣಿಸಿ ನೋಡಿದೆ: 29 ಒಡೆದಿದ್ದವು.

ಹಿಟ್ಟಿನದು ಇನ್ನೊಂದು ಕತೆ. ಕಲಸಿಟ್ಟು ಐದು ನಿಮಿಷ ಫೋನಿನಲ್ಲಿ ಮಾತಾಡಿ ಬಂದೆ. ಅಷ್ಟರಲ್ಲಿ ಕುಝು ತಳ ಸೇರಿತ್ತು. ಮೇಲೆ ಮೇಲೆ ಕಲಕಿ ಸುರಿದೆ. ಬೆಂದ ಮೇಲೆ ನೋಡಿದರೆ ತಳದಲ್ಲಿ ಅರ್ಧ ಸೆಂಟಿಮೀಟರ್ ಗಾಜು, ಅದರ ಮೇಲೆ ಮಂಕು ಹಿಟ್ಟು. ಸಾಲದ್ದಕ್ಕೆ ಅಚ್ಚು ಓರೆಯಾಗಿ ಕೂತಿತ್ತು. ಒಂದು ಕಡೆ 2.5 ಸೆಂ.ಮೀ., ಎದುರು ಕಡೆ 1.8. ಮೂಲೆ ಪಾತ್ರೆಗೆ ತಾಗುತ್ತೆ ಅಂತ ಮೊದಲ ದಿನವೇ ಬರೆದುಕೊಂಡಿದ್ದೆ, ನೀರು ಹಾಕಿ ಮಟ್ಟ ನೋಡೋ ಬುದ್ಧಿ ಮಾತ್ರ ಬರಲಿಲ್ಲ.

ಆದರೂ ಆ ಗಾಜಿನ ಪದರ ನೋಡಿ ಆಸೆಯಾಯಿತು. ತಂಪಾದರೆ ಇನ್ನೂ ಚೆನ್ನಾಗಿರುತ್ತೆ ಅಂತ ರಾತ್ರಿ ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ಗಾಜೂ ಮಂಕಾಗಿ, ಒತ್ತಿದರೆ ಮುರಿಯುವಂತಾಗಿತ್ತು. ಕುಝುವನ್ನು ಫ್ರಿಜ್ಜಿನಲ್ಲಿಟ್ಟು ಮರೆಯಬಾರದು. ತಿನ್ನೋಕೆ ಅರ್ಧ ಗಂಟೆ ಮೊದಲು ಇಟ್ಟರೆ ಸಾಕು.

ಜೂನ್ 16: ಮೂರನೇ ಸಲ

ಇವತ್ತು ಜಪಾನಿನಲ್ಲಿ ವಾಗಾಶಿ ದಿನ, ಅಂದರೆ ಇಲ್ಲಿನ ಸಾಂಪ್ರದಾಯಿಕ ಸಿಹಿಗಳ ದಿನ. 848ರಲ್ಲಿ ನಿನ್‌ಮ್ಯೋ ಚಕ್ರವರ್ತಿ ರೋಗ ರುಜಿನ ದೂರವಾಗಲಿ ಅಂತ ಆರನೇ ತಿಂಗಳ 16ಕ್ಕೆ 16 ಬಗೆಯ ತಿಂಡಿ ದೇವರಿಗಿಟ್ಟ ಅನ್ನೋ ಕತೆ ಇದರ ಹಿಂದಿದೆ. 1979ರಲ್ಲಿ ಸಿಹಿ ಮಾಡುವವರ ಸಂಘ ಈ ದಿನವನ್ನು ಮತ್ತೆ ಶುರು ಮಾಡಿತು. ಒಳ್ಳೇ ದಿನ, ಈ ಸಲ ಆಗೇ ಆಗುತ್ತೆ ಅಂದುಕೊಂಡೆ.

ಅಜ್ಜಿಯ ಸಲಹೆ ಕೇಳಿ ಅಕ್ಕಿ ಹಿಟ್ಟು ಬಿಟ್ಟೆ. ಮೈದಾ 90 ಗ್ರಾಂ, ಶಿರಾತಮಾಕೊ 30. ಮೈದಾ ಕಿಲೋಗೆ 260, ಶಿರಾತಮಾಕೊ 200 ಗ್ರಾಂಗೆ 390. ಶಿರಾತಮಾಕೊ ಅಂದರೆ ಅಂಟಕ್ಕಿಯನ್ನು ನೀರಿನಲ್ಲಿ ರುಬ್ಬಿ ಒಣಗಿಸಿದ್ದು. ಹರಳು ಹರಳಾಗಿರುತ್ತೆ. ಮೈದಾ ಜೊತೆ ಒಟ್ಟಿಗೆ ಕಲಸಬೇಡಿ. ಮೊದಲು ನಾಲ್ಕು ಚಮಚ ನೀರಲ್ಲಿ ಬೆರಳಿನಿಂದ ಉಜ್ಜಿ ಕರಗಿಸಬೇಕು. ನಾನು ಒಟ್ಟಿಗೆ ಹಾಕಿ, ಆಮೇಲೆ ಗಂಟು ಒಡೆಯೋಕೆ ಮೂರು ಸಲ ಸೋಸಿದೆ.

ಕಾಳೂ ಬದಲಾಯಿತು. ಕ್ಯೋಟೊ ಪಕ್ಕದ ತಂಬಾ ಕಡೆಯ ದೈನಾಗೊನ್ ಅಝುಕಿ, 250 ಗ್ರಾಂಗೆ 780 ಯೆನ್. ದಪ್ಪ ಕಾಳು, ಸಿಪ್ಪೆ ಬೇಗ ಒಡೆಯಲ್ಲ. ದೈನಾಗೊನ್ ಅನ್ನೋದು ಅರಮನೆಯ ದೊಡ್ಡ ಹುದ್ದೆಯ ಹೆಸರು. ಆ ಹುದ್ದೆಯವರಿಗೆ ಹೊಟ್ಟೆ ಸೀಳಿಕೊಳ್ಳೋ ಶಿಕ್ಷೆ ಇರಲಿಲ್ಲ, ಅದಕ್ಕೇ ಹೊಟ್ಟೆ ಸೀಳದ ಕಾಳಿಗೆ ಆ ಹೆಸರು ಅಂತ ಹೇಳುತ್ತಾರೆ. 50ಕ್ಕೆ 11 ಒಡೆದವು. ನನ್ನ ಕೈಯಲ್ಲಿ ದೈನಾಗೊನ್‌ಗೂ ಪೂರ್ತಿ ರಕ್ಷಣೆ ಸಿಗಲಿಲ್ಲ. ಸಕ್ಕರೆ ಎಲ್ಲ ಒಂದೇ ಸಲ ಸುರಿದಿದ್ದು ಇನ್ನೊಂದು ತಪ್ಪು. ಕಾಳು ಬಿಗಿದುಕೊಂಡು ಒಳಗೆ ಗಟ್ಟಿಯಾಯಿತು.

ಪದರ ಚೆನ್ನಾಗಿ ಅಂಟಿತ್ತು, ಮಟ್ಟವೂ ಸರಿ. ಓರೆಯಾದ ಕಡೆ ಫಾಯಿಲ್ ಮಡಚಿ ಕೊಟ್ಟಿದ್ದೆ. ಕೆಟ್ಟಿದ್ದು ಕೊನೆಯ ಐದು ನಿಮಿಷದಲ್ಲಿ. ನೆಂಟರು ಬರೋದಿತ್ತು, ಅವಸರಕ್ಕೆ ಬಿಸಿ ಇರುವಾಗಲೇ ಚಾಕು ಹಾಕಿದೆ. ಚಾಕುವಿನ ಜೊತೆ ಹಿಟ್ಟೂ ಎದ್ದು ಬಂತು. ಎಂಟರಲ್ಲಿ ಒಂದಕ್ಕೂ ಮೂರು ಮೂಲೆ ನೆಟ್ಟಗೆ ಉಳಿಯಲಿಲ್ಲ. ಬಂದವರು ರುಚಿ ಚೆನ್ನಾಗಿದೆ ಅಂದರು. ಮೂಲೆ ಇಲ್ಲದ ಮೇಲೆ ಮಂಜುಗಡ್ಡೆ ಎಲ್ಲಿಂದ ಬಂತು!

ಜೂನ್ 22: ಅಂಗಡಿಯದನ್ನು ಅಳೆದದ್ದು

ಮೊದಲೇ ಮಾಡಬೇಕಾಗಿದ್ದ ಕೆಲಸ. ಅಂಗಡಿಯಿಂದ ಒಂದು ತಂದೆ, 250 ಯೆನ್. ಸ್ಕೇಲು, ತಕ್ಕಡಿ ತೆಗೆದು ಕೂತೆ. ದಪ್ಪ 2.2 ಸೆಂ.ಮೀ., ತೂಕ 80 ಗ್ರಾಂ. ಅಡ್ಡ ಕತ್ತರಿಸಿ ಕಿಟಕಿ ಹತ್ತಿರ ಹಿಡಿದೆ. ನಾನು ಎರಡನೇ ಸಲ ಹಟ ಹಿಡಿದ ಗಾಜು ಇದರಲ್ಲಿ ಇಲ್ಲ. ಹಾಲಿನಂಥ ಬಿಳಿ, ಅಂಚಿನಲ್ಲಿ ಮಾತ್ರ ಬೆಳಕು ಸ್ವಲ್ಪ ಒಳಗೆ ಹೋಗುತ್ತೆ.

ಮುಖ್ಯವಾದದ್ದು ಕಾಳಿನ ಪದರ. ನಾನು ಪ್ರತಿ ಸಲ 100 ಮಿ.ಲೀ. ಹಿಟ್ಟು ಮೇಲೆ ಸುರಿದು ಕಾಳು ಮುಳುಗಿಸುತ್ತಿದ್ದೆ. ಇದರಲ್ಲಿ ಹಿಟ್ಟು ಕಾಳುಗಳ ಸಂದಿಯಲ್ಲಿ ಮಾತ್ರ ಇದೆ. ಕಾಳಿನ ಬೆನ್ನು ಅರ್ಧ ಹೊರಗೆ. ಹೊಳೆಯುತ್ತೆ, ಒಂದೂ ಒಡೆದಿಲ್ಲ. ಇಷ್ಟು ಎದ್ದು ಕಾಣುವ ಜಾಗದಲ್ಲಿ ಹೊಟ್ಟೆ ಸೀಳಿದ ಕಾಳು ಇಟ್ಟರೆ ಯಾರಿಗೆ ಗೊತ್ತಾಗಲ್ಲ?

ಜೂನ್ 28 ರಾತ್ರಿ ಮತ್ತು 29: ನಾಲ್ಕನೇ ಸಲ

ಹೊಸ ದೈನಾಗೊನ್ ಪ್ಯಾಕೆಟ್, ಮತ್ತೆ 780. 150 ಗ್ರಾಂ ತೊಳೆದು, ನೆನೆಸದೆ ಒಲೆಗೆ. ಕುದಿ ಬಂದ ಕೂಡಲೇ ಒಂದು ಲೋಟ ತಣ್ಣೀರು ಹಾಕೋದು. ಇದಕ್ಕೆ ಬಿಕ್ಕುರಿ ಮಿಝು ಅಂತಾರೆ, ಕಾಳನ್ನು ಬೆಚ್ಚಿಬೀಳಿಸೋ ನೀರು. ಮತ್ತೆ ಕುದಿ ಬಂದಾಗ ಆ ನೀರು ಚೆಲ್ಲಿ ಹೊಸ ನೀರು. ಮೇಲೆ ಬೇಕಿಂಗ್ ಪೇಪರ್ ದುಂಡಗೆ ಕತ್ತರಿಸಿ ಮುಚ್ಚಿದೆ, ಕಾಳು ನೀರಿನಿಂದ ಮೇಲೆ ಏಳಬಾರದು. ಉರಿ ಎಷ್ಟಿರಬೇಕು ಅಂದರೆ ಕಾಳು ಅಲುಗಾಡಬೇಕು, ಕುಣಿಯಬಾರದು. ಒಂದು ಗಂಟೆ ಹತ್ತು ನಿಮಿಷ ಆಯಿತು. ಎರಡು ಬೆರಳಿನ ನಡುವೆ ಒತ್ತಿದರೆ ಬೆಣ್ಣೆ.

ಇಲ್ಲಿ ಬಸಿಯಲೇ ಇಲ್ಲ. ಒಲೆ ಆರಿಸಿ, ಮುಚ್ಚಿ, ಅದೇ ನೀರಲ್ಲಿ ಪೂರ್ತಿ ತಣ್ಣಗಾಗಲು ಬಿಟ್ಟೆ. ಆಮೇಲೆ ಪಾತ್ರೆ ಓರೆ ಮಾಡಿ ಕಾಳು ಮುಳುಗುವಷ್ಟು ನೀರು ಉಳಿಸಿಕೊಂಡು, 120 ಗ್ರಾಂ ಸಕ್ಕರೆಯನ್ನು ಮೂರು ಪಾಲು ಮಾಡಿ ಅರ್ಧರ್ಧ ಗಂಟೆ ಬಿಟ್ಟು ಹಾಕಿದೆ. ಪ್ರತಿ ಸಲ ಸ್ವಲ್ಪ ಬಿಸಿ ಮಾಡೋದು, ಚಮಚ ಹಾಕದೆ ಪಾತ್ರೆ ಮಾತ್ರ ಅಲ್ಲಾಡಿಸೋದು. ಚಿಟಿಕೆ ಉಪ್ಪು. ರಾತ್ರಿಯಿಡೀ ಪಾಕದಲ್ಲಿ ನೆನೆಯಿತು. ಬೆಳಿಗ್ಗೆ 50 ಎಣಿಸಿದೆ: 3.

ಹಿಟ್ಟು, ಒಂದು ಅಚ್ಚಿಗೆ: ಮೈದಾ 70, ಶಿರಾತಮಾಕೊ 30, ಕುಝು 20, ಸಕ್ಕರೆ 90 ಗ್ರಾಂ, ನೀರು 300 ಮಿ.ಲೀ. ಶಿರಾತಮಾಕೊ ಮತ್ತು ಕುಝುವನ್ನು ಮೊದಲು ನೀರಲ್ಲಿ ಕರಗಿಸಿ, ಆಮೇಲೆ ಸಕ್ಕರೆ, ಕೊನೆಗೆ ಮೈದಾ. ಒಂದು ಸಲ ಸೋಸೋದು. 60 ಮಿ.ಲೀ. ಎತ್ತಿಟ್ಟೆ. ಉಳಿದದ್ದನ್ನು ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ತಳ ಸ್ವಲ್ಪ ಮಂದವಾಗುವವರೆಗೆ ಮಾತ್ರ ಬಿಸಿ ಮಾಡಿದೆ. ತೆಳು ಗಂಜಿಯಷ್ಟು. ಹೀಗೆ ಮಾಡಿದರೆ ಕುಝು ತಳ ಸೇರಲ್ಲ.

ಅಚ್ಚಿನ ಒಳಗೆ ನೀರು ಸವರಿ ಸುರಿದೆ. 25 ನಿಮಿಷ ಹಬೆ. ಮೇಲ್ಮೈಯನ್ನು ಪೇಪರ್ ಟವೆಲ್ಲಿನಿಂದ ಒತ್ತಿ ಒಣಗಿಸಿ, ಬಸಿದ ಕಾಳು 160 ಗ್ರಾಂ ಒಂದೇ ಸಾಲಾಗಿ ಹರಡಿದೆ. ಒಡೆದವನ್ನು ಆರಿಸಿ ಬಾಯಿಗೆ ಹಾಕಿಕೊಂಡೆ. ಎತ್ತಿಟ್ಟ ಹಿಟ್ಟನ್ನು ಚೆನ್ನಾಗಿ ಕಲಕಿ, ಚಮಚದಲ್ಲಿ ಸಂದಿಗೆ ಮಾತ್ರ ಬಿಟ್ಟೆ. ಇನ್ನೂ 12 ನಿಮಿಷ.

ಆಮೇಲೆ ಮೂರು ಗಂಟೆ ಮುಟ್ಟಲಿಲ್ಲ. ಕಷ್ಟದ ಕೆಲಸ ಇದೇ. ಕತ್ತರಿಸೋಕೆ ಎರಡು ದಾರಿ ನೋಡಿದೆ. ಹೊಲಿಗೆ ದಾರ ಹಿಟ್ಟನ್ನು ನುಣ್ಣಗೆ ಕತ್ತರಿಸುತ್ತೆ, ಆದರೆ ಕಾಳನ್ನು ಎಳೆದು ಹಾಕುತ್ತೆ. ಒದ್ದೆ ಚಾಕು ಚೆನ್ನಾಗಿ ಬಂತು: ಪ್ರತಿ ಸಲ ಒರೆಸಿ, ನೀರಲ್ಲಿ ಅದ್ದಿ, ಹಿಂದೆ ಮುಂದೆ ಎಳೆಯದೆ ಮೇಲಿಂದ ನೇರ ಒತ್ತೋದು. ಅಂಚಿನಿಂದ ಅರ್ಧ ಸೆಂ.ಮೀ. ಸುತ್ತಲೂ ಕತ್ತರಿಸಿ ತೆಗೆದರೆ ಮೂಲೆ ಇನ್ನೂ ಚೂಪು. ಮೊದಲ ಅಚ್ಚಿನಲ್ಲಿ ಜಿಪುಣತನ ಮಾಡಿ ತೆಗೆಯಲಿಲ್ಲ, ಎರಡನೇದರಲ್ಲಿ ತೆಗೆದೆ. ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಾಣುತ್ತೆ. ಎರಡು ಅಚ್ಚು, 16 ತುಂಡು. ಕುಝು ಪ್ಯಾಕೆಟ್ ಅಲ್ಲಿಗೆ ಖಾಲಿ.

ಜೂನ್ 30, ಭಾನುವಾರ

ಬೆಳಿಗ್ಗೆ ಗುಡಿಗೆ ಹೋದೆ. ಹುಲ್ಲಿನಲ್ಲಿ ಹೆಣೆದ ಆಳೆತ್ತರದ ಬಳೆ ನಿಲ್ಲಿಸಿರುತ್ತಾರೆ, ಚಿನೊವಾ ಅಂತ. ಅದರೊಳಗೆ ನುಗ್ಗಿ ಎಡಕ್ಕೆ, ಮತ್ತೆ ನುಗ್ಗಿ ಬಲಕ್ಕೆ, ಮತ್ತೆ ಎಡಕ್ಕೆ ಸುತ್ತಬೇಕು. ಎರಡನೇ ಸುತ್ತಿನಲ್ಲಿ ನಾನು ಮತ್ತೆ ಎಡಕ್ಕೇ ತಿರುಗಿ ಎದುರು ಬಂದ ಹುಡುಗಿಗೆ ಡಿಕ್ಕಿ ಹೊಡೆದೆ.

ಮಧ್ಯಾಹ್ನ ಎರಡನೇ ಅಚ್ಚಿನಲ್ಲಿ ಚೆನ್ನಾಗಿದ್ದ ಎರಡು ತುಂಡು ತಟ್ಟೆಯಲ್ಲಿಟ್ಟು ಪಕ್ಕದ ಮನೆಗೆ ಕೊಟ್ಟೆ. ಕಳೆದ ವರ್ಷ ಅವರು ತಂದಿದ್ದ ತಟ್ಟೆಯಷ್ಟೇ ಚಿಕ್ಕದು. ಅಜ್ಜಿ ಕನ್ನಡಕ ಹಾಕಿಕೊಂಡು ಬಂದರು. ತಟ್ಟೆ ತಿರುಗಿಸಿ ತಿರುಗಿಸಿ ಕಾಳು ನೋಡಿದರು. ಒಂದರ ಮೇಲೆ ಬೆರಳಿಟ್ಟು, "ಇದೊಂದಕ್ಕೆ ಹೊಟ್ಟೆನೋವು" ಅಂದರು. ನಾನು ಆರಿಸುವಾಗ ತಪ್ಪಿಸಿಕೊಂಡಿತ್ತು. ಆಮೇಲೆ ಅಡುಗೆಮನೆಗೆ ಹೋಗಿ ಚಾಕು ತಂದು, ಆ ತುಂಡನ್ನು ಅಲ್ಲೇ ಎರಡು ಮಾಡಿ ಅರ್ಧ ನನಗೆ ಕೊಟ್ಟರು.

ಜುಲೈ 1: ಲೆಕ್ಕ

ಅಚ್ಚು, ಬಟ್ಟೆ, ಕೆಡಿಸಿದ್ದು ಎಲ್ಲ ಸೇರಿ 5,680 ಯೆನ್. ಅಂಗಡಿಯಲ್ಲಿ 16 ತುಂಡಿಗೆ 4,000 ಆಗುತ್ತಿತ್ತು.

ನಿನ್ನೆ ಉಳಿದ ಮೂರು ತುಂಡು ಇವತ್ತು ಬಿರುಸಾಗಿವೆ. ಒಂದನ್ನು ಮೈಕ್ರೊವೇವ್‌ನಲ್ಲಿಟ್ಟೆ, ಕರಗಿ ಮೂಲೆ ಹೋಯಿತು. ಇನ್ನೊಂದನ್ನು ನಾಲ್ಕು ನಿಮಿಷ ಹಬೆಯಲ್ಲಿಟ್ಟು ಆರಿಸಿದೆ, ನಿನ್ನೆಯ ಥರವೇ ಆಯಿತು. ಮೂರನೆಯದನ್ನು ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. ಮುಂದಿನ ಸಲ ಅಲಸಂದೆ ಹಾಕಿ ನೋಡು ಅಂದಿದ್ದಾಳೆ.